ಗಿರಣಗಾಂವ್‌ನ ಗಲ್ಲಿಗಳಲ್ಲಿ

ಮುಂಬಯಿಯ ಪ್ರಭಾದೇವಿ ಸ್ಟೇಷನ್ನಿನಲ್ಲಿ ಇಳಿದಾಗ ಕೊರಳಿಗೆ ಐಡಿ ಕಾರ್ಡು ಹಾಕಿಕೊಂಡವರ ಗುಂಪು ನನ್ನನ್ನು ಮೆಟ್ಟಿಲಿನತ್ತ ನೂಕಿಕೊಂಡೇ ಹೋಯಿತು. ಇದಿನ್ನೂ ಎಲ್ಫಿನ್‌ಸ್ಟನ್ ರೋಡ್ ಆಗಿದ್ದಾಗ, 2017ರ ಸೆಪ್ಟೆಂಬರ್ 29ರಂದು, ಇಲ್ಲಿನ ಪಾದಚಾರಿ ಸೇತುವೆಯಲ್ಲಿ ಕಾಲ್ತುಳಿತಕ್ಕೆ 23 ಜನ ಸತ್ತರು. ಗಿರಣಗಾಂವ್ ಎಂದರೆ ಗಿರಣಿಗಳ ಊರು; ಈ ಬಟ್ಟೆ ಗಿರಣಿಗಳ ನೆಲದಲ್ಲಿ ಗಾಜಿನ ಕಚೇರಿಗಳು ಎದ್ದವು, ಸೇತುವೆ ಮಾತ್ರ ಹಳೆಯ ಕಾಲದ ಅಗಲದಲ್ಲೇ ಉಳಿದಿತ್ತು.

ಸೇನಾಪತಿ ಬಾಪಟ್ ಮಾರ್ಗದಲ್ಲಿ ನಡೆದು ಫೀನಿಕ್ಸ್ ಗಿರಣಿಯ ಜಾಗಕ್ಕೆ ಬಂದೆ. ಈಗ ಅದು ಮಾಲ್. ಉಳಿಸಿಕೊಂಡಿರುವ ಚಿಮಣಿ ಸುತ್ತಲಿನ ಗೋಪುರಗಳ ನಡುವೆ ಗಿಡ್ಡಾಗಿ ಕಾಣುತ್ತದೆ.

1982ರ ಜನವರಿ 18ರಂದು ಕಾರ್ಮಿಕ ನಾಯಕ ದತ್ತಾ ಸಾಮಂತರನ್ನು ನಂಬಿ ಸುಮಾರು ಎರಡೂವರೆ ಲಕ್ಷ ಗಿರಣಿ ಕಾರ್ಮಿಕರು ಕೆಲಸ ಬಿಟ್ಟು ಹೊರಬಂದರು. ಕೂಲಿ, ಬೋನಸ್, ಬದಲಿ ಕಾರ್ಮಿಕರಿಗೆ ಖಾಯಂ ಕೆಲಸ ಅವರ ಬೇಡಿಕೆ. ಆದರೆ 1946ರ ಮುಂಬಯಿ ಕೈಗಾರಿಕಾ ಸಂಬಂಧಗಳ ಕಾಯ್ದೆಯಂತೆ ಮಾತುಕತೆಯ ಹಕ್ಕು ಮಾನ್ಯತೆ ಪಡೆದ ಒಂದೇ ಸಂಘಕ್ಕೆ, ರಾಷ್ಟ್ರೀಯ ಮಿಲ್ ಮಜ್ದೂರ್ ಸಂಘಕ್ಕೆ. ಕಾರ್ಮಿಕರು ಸಾಮಂತರ ಹಿಂದೆ, ಕಾನೂನು ಆ ಸಂಘದ ಹಿಂದೆ. ಸಾಮಂತರ ಹಟದಿಂದಲೇ ಎಲ್ಲ ಹಾಳಾಯಿತು ಎನ್ನುವವರ ಮಾತನ್ನು ನಾನು ಒಪ್ಪಲಾರೆ. ಎದುರು ಕೂತು ಮಾತಾಡಲು ಬಾಗಿಲೇ ಇಲ್ಲದವರು ಮತ್ತೇನು ಮಾಡಬೇಕಿತ್ತು? ಆ ಆಗಸ್ಟಿನಲ್ಲಿ ನಗರದ ಪೊಲೀಸರೇ ದಂಗೆ ಎದ್ದಾಗ ಗಿರಣಿಯವರೂ ಬೀದಿಗಿಳಿದರು. ಮುಷ್ಕರವನ್ನು ಯಾರೂ ವಿಧಿವತ್ತಾಗಿ ಹಿಂತೆಗೆದುಕೊಳ್ಳಲಿಲ್ಲ. ಹಸಿವು ಅದನ್ನು ಮುರಿಯಿತು. 1997ರ ಜನವರಿ 16ರಂದು ಪೊವಾಯಿಯಲ್ಲಿ ಸಾಮಂತರನ್ನು ಗುಂಡಿಟ್ಟು ಕೊಂದರು.

ಕರಿ ರೋಡ್ ದಾಟಿ ಲಾಲ್‌ಬಾಗಿಗೆ ಬಂದೆ. ಪರೇಲಿನ ಕಮ್ಯುನಿಸ್ಟ್ ಶಾಸಕ ಕೃಷ್ಣಾ ದೇಸಾಯಿ 1970ರ ಜೂನ್ 5ರಂದು ಕೊಲೆಯಾದದ್ದು ಇಲ್ಲೇ. ಉಪಚುನಾವಣೆಯಲ್ಲಿ ಶಿವಸೇನೆ ಗೆದ್ದಿತು. ಗಿರಣಿ ಕೇರಿಯಲ್ಲಿ ಕೆಂಬಾವುಟದ ಹಿಡಿತ ಸಡಿಲಾಗಿದ್ದು ಆಗಿನಿಂದ.

ಗಲ್ಲಿಯೊಂದರಲ್ಲಿ ಕುಂದಾಪುರದವರ ಹೋಟೆಲು. "ಯಾವೂರು ಮಾರಾಯ್ರೆ?" ಎನ್ನುತ್ತ ಕುರ್ಚಿ ಎಳೆದುಕೊಟ್ಟ ಯಜಮಾನರು ನಾನು ಬಂದ ಕಾರಣ ಕೇಳಿ, ಮೂಲೆಯ ಮೇಜಿನ ಹಿರಿಯರನ್ನು ತೋರಿಸಿದರು. ರತ್ನಾಗಿರಿ ಕಡೆಯವರು, ಸಾಚೆ ಖಾತೆಯಲ್ಲಿ, ಅಂದರೆ ನೇಯ್ಗೆ ವಿಭಾಗದಲ್ಲಿ, ಬದಲಿಯಾಗಿ ಸೇರಿದವರು. ಮಗ್ಗಗಳ ಸದ್ದಿನಿಂದ ಕಿವಿ ಮಂದ. ಅದಕ್ಕೇ ಮಾತು ಜೋರು. ಹರಿದ ಎಳೆಗೆ ಗಂಟು ಹಾಕುವುದು ಹೇಗೆಂದು ಕೇಳಿದೆ. ಚಹಾ ಪಕ್ಕಕ್ಕಿಟ್ಟು ಎರಡೂ ಕೈ ಮುಂದೆ ಚಾಚಿದರು. ಹೆಬ್ಬೆರಳು, ತೋರುಬೆರಳು ಒಮ್ಮೆ ಸುತ್ತಿ ಬಿಟ್ಟವು. ದಾರವಿದ್ದಿದ್ದರೆ ಗಂಟು ಬಿದ್ದಾಗಿರುತ್ತಿತ್ತು, ನನ್ನ ಕಣ್ಣಿಗೆ ಅದು ಸಿಗುತ್ತಲೇ ಇರಲಿಲ್ಲ.

ನನಗೆ ಸಿಟ್ಟು ಬರುವುದು ನೆಲದ ವಿಷಯಕ್ಕೆ. ಗಿರಣಿ ಜಾಗವನ್ನು ಮಾರುವುದಾದರೆ ಮೂರರಲ್ಲಿ ಒಂದು ಪಾಲು ನಗರದ ಮೈದಾನಗಳಿಗೆ, ಒಂದು ಪಾಲು ಸಾರ್ವಜನಿಕ ವಸತಿಗೆ, ಉಳಿದದ್ದು ಮಾಲೀಕರಿಗೆ ಎಂದು 1991ರ ನಿಯಮ ಹೇಳಿತ್ತು. 2001ರ ತಿದ್ದುಪಡಿ ಆ ಲೆಕ್ಕವನ್ನು ಬರೀ ಖಾಲಿ ಜಾಗಕ್ಕೆ ಸೀಮಿತಗೊಳಿಸಿತು. ಗಿರಣಿಯೆಂದರೆ ಬಹುಪಾಲು ಕಟ್ಟಡವೇ, ಖಾಲಿ ಜಾಗ ಎಷ್ಟಿದ್ದೀತು? 2006ರಲ್ಲಿ ಸುಪ್ರೀಂ ಕೋರ್ಟ್ ಆ ತಿದ್ದುಪಡಿಯನ್ನೇ ಎತ್ತಿಹಿಡಿಯಿತು. ಮನೆಗೆ ಅರ್ಜಿ ಹಾಕಿದ ಕಾರ್ಮಿಕ ಕುಟುಂಬಗಳು ಲಕ್ಷಕ್ಕೂ ಹೆಚ್ಚು.

ಹಿರಿಯರ ಅರ್ಜಿಗೆ ಮನೆ ಹಂಚುವ ಲಾಟರಿಯಲ್ಲಿ ಇನ್ನೂ ಹೆಸರು ಬಂದಿಲ್ಲ. ಈಗ ಕಲ್ಯಾಣದ ಆಚೆ ಶೇಲು, ವಾಂಗಣಿಯಲ್ಲಿ ಕೊಡುತ್ತೇವೆ ಎನ್ನುತ್ತಿದ್ದಾರಂತೆ.

"ನಾವು ದುಡಿದದ್ದು ಪರೇಲಿನಲ್ಲಿ," ಎಂದರು. "ಮನೆಯನ್ನೂ ಇಲ್ಲೇ ಕೇಳುತ್ತೇವೆ. ಮುಂದಿನ ಮೋರ್ಚಾಕ್ಕೂ ಹೋಗುವವನೇ."