ಕಣ್ಣಿನ ಒಳಗಿನ ಫೋಟೊ

ಪುತ್ತೂರಿನ ಸ್ಟುಡಿಯೊ ಒಂದರಲ್ಲಿ ಮದುವೆಯ ಫಿಲ್ಮು ತೊಳೆದು ಕೈ ಪಳಗಿದ ಮೇಲೆ, 1990ರ ದಶಕದಲ್ಲಿ ನನಗೆ ಮಂಗಳೂರಿನ ಕಣ್ಣಿನ ಆಸ್ಪತ್ರೆಯೊಂದರಲ್ಲಿ ಕೆಲಸ ಸಿಕ್ಕಿತು. ಕತ್ತಲೆಕೋಣೆ ಅದೇ, ಡೆವಲಪರಿನ ವಾಸನೆಯೂ ಅದೇ. ಫಿಲ್ಮಿನಲ್ಲಿ ಮೂಡುತ್ತಿದ್ದದ್ದು ಮಾತ್ರ ಮದುಮಕ್ಕಳಲ್ಲ, ರೆಟಿನಾದ ರಕ್ತನಾಳಗಳು.

ತೋಳಿನ ರಕ್ತನಾಳಕ್ಕೆ ಫ್ಲೋರೆಸೀನ್ ಎಂಬ ಹಳದಿ ಡೈ ಚುಚ್ಚುತ್ತಿದ್ದರು. ಹತ್ತು ಹದಿನೈದು ಸೆಕೆಂಡಿನಲ್ಲಿ ಅದು ಕಣ್ಣಿಗೆ ಮುಟ್ಟುತ್ತದೆ. ನೀಲಿ ಬೆಳಕು ಬಿಟ್ಟರೆ ಹಸಿರಾಗಿ ಹೊಳೆಯುತ್ತದೆ. ನಾನು ಒಂದೇ ಸಮನೆ ಕ್ಲಿಕ್ಕಿಸಬೇಕು. ನಾಳ ಎಲ್ಲಿ ಸೋರುತ್ತಿದೆ, ಎಲ್ಲಿಗೆ ರಕ್ತವೇ ಹೋಗುತ್ತಿಲ್ಲ ಎಂದು ಡಾಕ್ಟರಿಗೆ ತಿಳಿಯುತ್ತಿದ್ದದ್ದು ಆ ಚಿತ್ರಗಳಿಂದ. “ನಾಳೆಯವರೆಗೆ ಮೂತ್ರ ಕೇಸರಿ ಬಣ್ಣಕ್ಕೆ ಹೋಗ್ತದೆ, ಹೆದರ್ಬೇಡಿ” ಎಂದು ಎಲ್ಲರಿಗೂ ಹೇಳಿ ಕಳಿಸುತ್ತಿದ್ದೆ.

ಸುಳ್ಯ, ಬೆಳ್ಳಾರೆ, ಕಡಬದ ಕಡೆಯಿಂದ ಸಕ್ಕರೆ ಕಾಯಿಲೆಯವರು ಬೆಳಗ್ಗಿನ ಮೊದಲ ಬಸ್ಸಿಗೆ ಬರುತ್ತಿದ್ದರು. ಕಡಬ ಆಗಿನ್ನೂ ಪುತ್ತೂರು ತಾಲೂಕಿನೊಳಗೇ ಇತ್ತು. ಫಿಲ್ಮು ತೊಳೆದು, ಒಣಗಿಸಿ, ಡಾಕ್ಟರು ಭೂತಗನ್ನಡಿ ಹಿಡಿದು ನೋಡುವಷ್ಟರಲ್ಲಿ ಅವರು ಊರಿಗೆ ಹೊರಟಾಗಿರುತ್ತಿತ್ತು. ಲೇಸರ್ ಚಿಕಿತ್ಸೆಗೆ ಇನ್ನೊಮ್ಮೆ ಬರಬೇಕು. “ಅಡಿಕೆಗೆ ಮದ್ದು ಬಿಟ್ಟಾಗ್ಲಿ ಮಾರಾಯ್ರೆ, ಮತ್ತೆ ಬರ್ತೇನೆ” ಎಂದು ಹೋದವರಲ್ಲಿ ಕೆಲವರು ಕಣ್ಣು ಪೂರ್ತಿ ಮಂಜಾದ ಮೇಲೆಯೇ ಬಂದದ್ದು. ಆ ಹೊತ್ತಿಗೆ ಲೇಸರಿಗೂ ಮಾಡಲು ಹೆಚ್ಚೇನೂ ಉಳಿದಿರುತ್ತಿರಲಿಲ್ಲ. ಅವರ ತಪ್ಪು ಎಂದು ನನಗೆ ಆಗಲೂ ಅನಿಸಿರಲಿಲ್ಲ, ಈಗಲೂ ಅನಿಸುವುದಿಲ್ಲ. ಅಡಿಕೆಗೆ ಕೊಳೆರೋಗ ಬಂದರೆ ವರ್ಷದ ಅನ್ನವೇ ಹೋಗುತ್ತದೆ. ನಿಧಾನವಾಗಿದ್ದದ್ದು ನಮ್ಮ ಫಿಲ್ಮು.

ಡಿಜಿಟಲ್ ಕ್ಯಾಮೆರಾ ಬಂದಾಗ ಅದರ ಬೆನ್ನಿಗೇ ಪುಟ್ಟ ಶೀಶೆಯಲ್ಲಿ ಒಂದು ಕಡುಹಸಿರು ಪುಡಿಯೂ ಬಂತು: ಇಂಡೋಸಯನಿನ್ ಗ್ರೀನ್. ಅದರ ಮೂಲ ತಿಳಿದಾಗ ನನಗೆ ರೋಮಾಂಚನವಾಯಿತು. ಫಿಲ್ಮಿಗೆ ಕೆಂಪು ಬೆಳಕನ್ನೂ ಹಿಡಿಯುವ ಶಕ್ತಿ ಕೊಡುವ ಸಯನಿನ್ ಬಣ್ಣಗಳ ಕುಲದ್ದು ಅದು. ಹುಟ್ಟಿದ್ದು ಕೊಡಾಕ್ ಕಂಪನಿಯ ಪ್ರಯೋಗಾಲಯದಲ್ಲಿ, ಫೋಟೊಗ್ರಫಿಗಾಗಿ. ಹೃದಯ ಎಷ್ಟು ರಕ್ತ ತಳ್ಳುತ್ತದೆಂದು ಅಳೆಯಲು ಅಮೆರಿಕದ ಮೇಯೊ ಕ್ಲಿನಿಕ್ಕಿನ ವೈದ್ಯರು ಅದನ್ನು ಬಳಸಿ ನೋಡಿದರು. 1959ರಲ್ಲಿ ಅಲ್ಲಿನ ಸರ್ಕಾರ ಒಪ್ಪಿಗೆ ಕೊಟ್ಟಿತು.

ಆ ಡೈ ಸುಮಾರು 800 ನ್ಯಾನೊಮೀಟರಿನ ಬೆಳಕು ಹೀರಿ 830ರ ಆಸುಪಾಸಿನಲ್ಲಿ ಹೊಳೆಯುತ್ತದೆ. ಎರಡೂ ನಮಗೆ ಕಾಣದ ಅತಿಗೆಂಪು. ಹೊಳಪು ಫ್ಲೋರೆಸೀನಿನ ನೂರಕ್ಕೆ ನಾಲ್ಕು ಪಾಲಿನಷ್ಟೇ. ಫಿಲ್ಮಿಗೆ ಅದು ಸಾಲುತ್ತಿರಲಿಲ್ಲ. ಆದರೆ ರೆಟಿನಾದ ಕೆಳಗಿನ ಕಂದು ಪದರವನ್ನು ಅತಿಗೆಂಪು ದಾಟಬಲ್ಲದು. ಡೈ ರಕ್ತದ ಪ್ರೋಟೀನಿಗೆ ಅಂಟಿಕೊಂಡಿರುವುದರಿಂದ ಸೋರಿ ಹರಡುವುದೂ ಕಡಿಮೆ. ಅದುವರೆಗೆ ಮಬ್ಬಾಗಿದ್ದ, ಆ ಪದರದಾಚೆಗಿನ ಕೋರಾಯ್ಡ್ ಎಂಬ ಭಾಗದ ನಾಳಗಳು ಮೊದಲ ಸಲ ಪರದೆಯ ಮೇಲೆ ತುಂಬಿಕೊಳ್ಳುತ್ತ ಹೋದದ್ದನ್ನು ನೋಡಿದ್ದೇನೆ. ಮಳೆಗಾಲದಲ್ಲಿ ಕಾಡಿನ ತೋಡುಗಳೆಲ್ಲ ಕುಮಾರಧಾರೆಗೆ ಇಳಿದು ಬರುವ ಹಾಗಿತ್ತು. ಆ ನಾಳಗಳ ತುದಿಯಲ್ಲಿ ಸಣ್ಣ ಸಣ್ಣ ಉಬ್ಬುಗಳೆದ್ದು ರಕ್ತ ಒಸರುವ ಕಾಯಿಲೆಯೊಂದು ನಮ್ಮ ಏಷ್ಯಾದವರಲ್ಲಿ ಹೆಚ್ಚು. ಅದನ್ನು ಖಚಿತವಾಗಿ ಗುರುತಿಸಲು ಈ ಹಸಿರು ಡೈ ಈಗಲೂ ಬೇಕು.

ಈಗಿನ ಓಸಿಟಿ ಆಂಜಿಯೊಗ್ರಫಿ ಎಂಬ ವಿಧಾನಕ್ಕೆ ಸೂಜಿಯೇ ಬೇಡ. ಅದೂ ಕಾಣದ ಬೆಳಕನ್ನೇ ಬಿಡುತ್ತದೆ. ಓಡುವ ರಕ್ತಕಣಗಳ ಚಲನೆಯಿಂದಲೇ ನಾಳದ ಚಿತ್ರ ಬಿಡಿಸುತ್ತದೆ. ಸೋರುವಿಕೆ ಮಾತ್ರ ಅದಕ್ಕೆ ಕಾಣದು, ಹಾಗಾಗಿ ಫ್ಲೋರೆಸೀನಿನ ಕೆಲಸ ಮುಗಿದಿಲ್ಲ. ಇಂಡೋಸಯನಿನ್ ಆಪರೇಷನ್ ಥಿಯೇಟರಿಗೂ ಹೋಗಿದೆ: ಕರುಳು ಕತ್ತರಿಸಿ ಜೋಡಿಸುವಾಗ ಆ ಜಾಗಕ್ಕೆ ರಕ್ತ ಬರುತ್ತಿದೆಯೇ ಎಂದು ಸರ್ಜನರು ಅದರ ಸಹಾಯದಿಂದಲೂ ನೋಡುತ್ತಾರೆ.

ನಾನು ಕೆಲಸ ಬಿಡುವ ಮುಂಚೆ ಕಡಬದ ಕಡೆಯ ಹಿರಿಯ ಹೆಂಗಸೊಬ್ಬರು ಪರದೆಯತ್ತ ಬಗ್ಗಿ, “ಇಲ್ಲಿ ಕಪ್ಪು ಉಂಟಲ್ಲ, ಅದೆಂತದು?” ಎಂದು ಕೇಳಿದರು.

“ಅಲ್ಲಿಗೆ ರಕ್ತ ಹೋಗುವುದಿಲ್ಲ ಅಮ್ಮ.”

ಮಗನನ್ನು ಕರೆದು ಬೆರಳಿಟ್ಟು ತೋರಿಸಿದರು. ಡಾಕ್ಟರು ಹೇಳಿದ ಲೇಸರನ್ನು ಅವತ್ತೇ ಮಾಡಿಸಿಕೊಂಡು ಊರಿಗೆ ಹೋದರು.