ಧಾರವಾಡದ ವಿದ್ಯಾಕೇರಿಗಳು

ಕಾಡಿನ ನಡುವಣ ಎಡಕುಮೇರಿಯಾಗಲಿ, ಬಯಲುಸೀಮೆಯ ಯಾವುದೋ ಹಳ್ಳಿಯಾಗಲಿ, ಉನ್ನತ ವ್ಯಾಸಂಗವನ್ನು ಬಯಸುವ ಮಕ್ಕಳು ಒಂದು ದಿನ ಊರು ಬಿಟ್ಟು ಹೊರಡಲೇಬೇಕು. ಹಾಗೆ ಬಂದವರಿಗೆ ಕೋಣೆ, ಊಟ, ಪುಸ್ತಕ, ಗೆಳೆತನಗಳನ್ನು ಒದಗಿಸುತ್ತ ಕೆಲವು ನಗರಗಳಲ್ಲಿ ವಿದ್ಯಾರ್ಥಿಗಳದೇ ಆದ ಕೇರಿಗಳು ಬೆಳೆದಿವೆ. ಪ್ಯಾರಿಸ್ ನಗರದಲ್ಲಿ ಸೇನ್ ನದಿಯ ಎಡದಂಡೆಯ ಮೇಲಿರುವ ‘ಲ್ಯಾಟಿನ್ ಕ್ವಾರ್ಟರ್’ ಅವುಗಳಲ್ಲಿ ಪ್ರಸಿದ್ಧವಾದುದು. ಮಧ್ಯಯುಗದಲ್ಲಿ ಅಲ್ಲಿನ ಗುರುಶಿಷ್ಯರು ಪಾಠಪ್ರವಚನಗಳಿಗೆ ಲ್ಯಾಟಿನ್ ಭಾಷೆಯನ್ನು ಬಳಸುತ್ತಿದ್ದುದರಿಂದ ಅದಕ್ಕೆ ಆ ಹೆಸರು ಬಂದಿತು. ಅದು ಪಂಡಿತರ ಭಾಷೆ. ಸಂತೆಯಲ್ಲಿ ಕಾಯಿಪಲ್ಲೆ ಮಾರುವವರಿಗೆ ತಿಳಿಯುವಂಥದಾಗಿರಲಿಲ್ಲ.

ಕನ್ನಡನಾಡಿನಲ್ಲಿ ಇಂಥ ಕೇರಿಗಳನ್ನು ಕಾಣಬಯಸುವವರು ಧಾರವಾಡಕ್ಕೆ ಹೋಗಬೇಕು. ಆದರೆ ಇಲ್ಲಿನ ಕಥೆಯೇ ಬೇರೆ. ಸಂತೆಯ ಭಾಷೆಯನ್ನು ಶಾಲೆಯೊಳಕ್ಕೆ ಕರೆತರಲು ಹೋರಾಡಿದವರ ಊರಿದು.

ಹತ್ತೊಂಬತ್ತನೆಯ ಶತಮಾನದಲ್ಲಿ ಧಾರವಾಡವು ಮುಂಬಯಿ ಪ್ರಾಂತಕ್ಕೆ ಸೇರಿತ್ತು. ಕಚೇರಿಗಳಲ್ಲಿಯೂ ಶಾಲೆಗಳಲ್ಲಿಯೂ ಮರಾಠಿಯೇ ಪ್ರಬಲವಾಗಿದ್ದ ಕಾಲವದು. ವಿದ್ಯಾಧಿಕಾರಿಯಾಗಿದ್ದ ಡೆಪ್ಯುಟಿ ಚನ್ನಬಸಪ್ಪನವರು ಕನ್ನಡ ಶಾಲೆಗಳನ್ನು ತೆರೆಯಿಸಲು ಬಹುವಾಗಿ ಶ್ರಮಿಸಿದರು. 1890ರ ಜುಲೈ 20ರಂದು ರಾ. ಹ. ದೇಶಪಾಂಡೆಯವರು ಮುಂದಾಗಿ ಕರ್ನಾಟಕ ವಿದ್ಯಾವರ್ಧಕ ಸಂಘವನ್ನು ಸ್ಥಾಪಿಸಿದರು. 1896ರಲ್ಲಿ ಸಂಘವು ‘ವಾಗ್ಭೂಷಣ’ ಪತ್ರಿಕೆಯನ್ನು ಹೊರತಂದಿತು. 1917ರಲ್ಲಿ ಕರ್ನಾಟಕ ಕಾಲೇಜು ಆರಂಭವಾಯಿತು. ಮೊದಲು ರೈಲ್ವೆ ಕಂಪನಿಯ ಕಚೇರಿಯಾಗಿದ್ದ ಕಲ್ಲಿನ ಕಟ್ಟಡವು ವಿದ್ಯಾಮಂದಿರವಾಯಿತು. ಮುಂದೆ 1949ರಲ್ಲಿ ಮುಂಬಯಿಯಲ್ಲಿ ಸ್ಥಾಪಿತವಾದ ಕರ್ನಾಟಕ ವಿಶ್ವವಿದ್ಯಾಲಯವು ಮರುವರ್ಷವೇ ಈ ಊರಿಗೆ ಬಂದಿತು.

ಶಾಲೆ ಕಾಲೇಜುಗಳಿದ್ದ ಮಾತ್ರಕ್ಕೆ ಸಾಹಿತ್ಯ ಹುಟ್ಟುವುದಿಲ್ಲ. ಪಾಠ ಮುಗಿದ ಮೇಲೆ ಕುಳಿತು ಮಾತನಾಡಲು ಒಂದು ಜಗಲಿ ಬೇಕು. ಧಾರವಾಡದಲ್ಲಿ ಅಂಥ ಜಗಲಿಗೆ ಸಾಧನಕೇರಿ ಎಂದು ಹೆಸರು. ಕೆರೆಯ ಮಗ್ಗುಲಿನ ಈ ಬಡಾವಣೆಯಲ್ಲಿ ಕವಿ ದ. ರಾ. ಬೇಂದ್ರೆಯವರ ಮನೆಯಿದೆ. 1920ರ ದಶಕದಲ್ಲಿ ಅವರ ಸುತ್ತ ‘ಗೆಳೆಯರ ಗುಂಪು’ ಬೆಳೆಯಿತು. ವಿ. ಕೃ. ಗೋಕಾಕ, ರಂ. ಶ್ರೀ. ಮುಗಳಿ, ಬೆಟಗೇರಿ ಕೃಷ್ಣಶರ್ಮ ಮೊದಲಾದವರು ಆ ಬಳಗದವರು. ಒಬ್ಬರು ಬರೆದುದನ್ನು ಮತ್ತೊಬ್ಬರು ಕೇಳುತ್ತ, ತಿದ್ದುತ್ತ, ಅವರು ಒಟ್ಟಿಗೆ ಬೆಳೆದರು. ಅದು ಸುಖದ ಕಾಲವೇನೂ ಆಗಿರಲಿಲ್ಲ. ‘ನರಬಲಿ’ ಎಂಬ ಕವನಕ್ಕಾಗಿ ಬ್ರಿಟಿಷ್ ಸರ್ಕಾರವು 1932ರಲ್ಲಿ ಬೇಂದ್ರೆಯವರನ್ನು ಸೆರೆಗೆ ತಳ್ಳಿತು. ಬಿಡುಗಡೆಯಾದ ಮೇಲೂ ಅವರು ಉದ್ಯೋಗವಿಲ್ಲದೆ ಹಲವು ವರ್ಷ ಬವಣೆಪಟ್ಟರು. ಆದರೂ ಅವರ ಲೇಖನಿ ನಿಲ್ಲಲಿಲ್ಲ.

ಸುಭಾಷ್ ರಸ್ತೆಯಲ್ಲಿ ಇನ್ನೊಂದು ಜಗಲಿಯುಂಟು. ಅದು ‘ಅಟ್ಟ’ ಎಂದೇ ಪ್ರಸಿದ್ಧವಾದ ಮನೋಹರ ಗ್ರಂಥಮಾಲೆ. ಜಿ. ಬಿ. ಜೋಶಿಯವರು 1933ರಲ್ಲಿ ಆರಂಭಿಸಿದ ಈ ಪ್ರಕಾಶನಕ್ಕೆ ವಿಮರ್ಶಕ ಕೀರ್ತಿನಾಥ ಕುರ್ತಕೋಟಿಯವರು ಮುಂದೆ ಸಲಹೆಗಾರರಾದರು. ಕರ್ನಾಟಕ ಕಾಲೇಜಿನಲ್ಲಿ ಗಣಿತ ಓದಿದ ಯುವಕನೊಬ್ಬ ಇಂಗ್ಲಿಷಿನಲ್ಲಿ ಕವಿಯಾಗುವ ಕನಸು ಕಂಡಿದ್ದ. ವಿದೇಶಕ್ಕೆ ಹೊರಡುವ ಹೊತ್ತಿನಲ್ಲಿ ನಾಟಕವೊಂದನ್ನು ಬರೆಯತೊಡಗಿದಾಗ ಅದು ಕನ್ನಡದಲ್ಲಿಯೇ ಮೂಡಿಬಂದುದನ್ನು ಕಂಡು ಅವನಿಗೇ ಅಚ್ಚರಿಯಾಯಿತು. ಆ ಯುವಕನೇ ಗಿರೀಶ ಕಾರ್ನಾಡ. ಆ ನಾಟಕ ‘ಯಯಾತಿ’. 1961ರಲ್ಲಿ ಅದನ್ನು ಪ್ರಕಟಿಸಿದ್ದು ಮನೋಹರ ಗ್ರಂಥಮಾಲೆ.

ಇಲ್ಲಿ ಗಮನಿಸತಕ್ಕ ಸಂಗತಿಯೊಂದಿದೆ. ಬೇಂದ್ರೆಯವರ ಮನೆಮಾತು ಮರಾಠಿ, ಕಾರ್ನಾಡರದು ಕೊಂಕಣಿ. ಇಬ್ಬರೂ ಕನ್ನಡದಲ್ಲಿ ಬರೆದು ಜ್ಞಾನಪೀಠ ಪ್ರಶಸ್ತಿಗೆ ಪಾತ್ರರಾದರು. ಬೇಂದ್ರೆಯವರಿಗೆ ಅದು 1973ರ ಸಾಲಿನಲ್ಲಿ ಸಂದರೆ, ಕಾರ್ನಾಡರಿಗೆ 1998ರಲ್ಲಿ ಸಂದಿತು. ಕನ್ನಡಕ್ಕೆ ಸ್ಥಾನ ದೊರಕಿಸಲು ಹೋರಾಡಿದ ಊರು ಬೇರೆ ಮನೆಮಾತಿನವರಿಗೆ ಬಾಗಿಲು ಮುಚ್ಚಲಿಲ್ಲ. ಓಣಿಯಲ್ಲಿ, ಪೇಟೆಯಲ್ಲಿ, ಗೆಳೆಯರ ನಡುವೆ ಕೇಳಿದ ನುಡಿಯೇ ಅವರ ಕಾವ್ಯದ, ನಾಟಕದ ನುಡಿಯಾಯಿತು. ಲ್ಯಾಟಿನ್ ಕಲಿಯದವನಿಗೆ ಪ್ಯಾರಿಸ್ಸಿನ ಹಳೆಯ ವಿದ್ಯಾಪೀಠದಲ್ಲಿ ಪ್ರವೇಶವಿರಲಿಲ್ಲ. ಧಾರವಾಡದ ಕನ್ನಡವಾದರೋ ಬೀದಿಯಲ್ಲಿ ನಡೆದಾಡಿದವರಿಗೆಲ್ಲ ದೊರೆಯಿತು.

ಇಂದು ಸಪ್ತಾಪುರದ ಬೀದಿಗಳಲ್ಲಿ ನಡೆದರೆ ಸ್ಪರ್ಧಾತ್ಮಕ ಪರೀಕ್ಷೆಗಳ ತರಬೇತಿ ಕೇಂದ್ರಗಳ ಫಲಕಗಳು ಸಾಲುಸಾಲಾಗಿ ಕಾಣುತ್ತವೆ. ನಾಡಿನ ನಾನಾ ಜಿಲ್ಲೆಗಳ ಯುವಕ ಯುವತಿಯರು ಬಾಡಿಗೆಯ ಕೋಣೆಗಳಲ್ಲಿದ್ದು, ವಾಚನಾಲಯಗಳಲ್ಲಿ ಹಗಲಿರುಳು ಓದುತ್ತಾರೆ. ಅವರಲ್ಲಿ ಹಲವರು ರೈತರ, ಕೂಲಿಕಾರರ ಮಕ್ಕಳು. ಕನ್ನಡದಲ್ಲಿಯೇ ಓದಿ, ಕನ್ನಡದಲ್ಲಿಯೇ ಪರೀಕ್ಷೆ ಬರೆಯುವವರು. ಕಚೇರಿಯ ಬಾಗಿಲು ಜನರ ಭಾಷೆಗೆ ತೆರೆಯಬೇಕೆಂದು ಹಿಂದಿನವರು ಪಟ್ಟ ಶ್ರಮದ ಫಲ ಇವರಿಗೆ ದೊರೆತಿದೆ. ಬದುಕಿಗೆ ನೌಕರಿ ಬೇಕು, ನಿಜ. ಪಠ್ಯವನ್ನು ಮಡಚಿಟ್ಟ ಸಂಜೆ ಅವರು ಅಟ್ಟದ ಮೆಟ್ಟಿಲನ್ನೂ ಒಮ್ಮೆ ಏರಿದರೆ, ಸಾಧನಕೇರಿಯ ಕೆರೆಯ ದಂಡೆಯಲ್ಲಿ ಗೆಳೆಯರೊಡನೆ ಕುಳಿತು ಒಂದು ಕವನವನ್ನು ಓದಿದರೆ, ಆ ಹಳೆಯ ಜಗಲಿಗಳು ಬರಿದಾಗುವುದಿಲ್ಲ.