ಅಜ್ಜನ ಪೆಟ್ಟಿಗೆಯ ನಾಣ್ಯಗಳು
ಒಂದು ಬದಿ ರಾಮ ಪಟ್ಟಾಭಿಷೇಕ, ಇನ್ನೊಂದು ಬದಿ 'ಈಸ್ಟ್ ಇಂಡಿಯಾ ಕಂಪನಿ, ಅರ್ಧ ಆಣೆ, 1818'. ಇಂಥದ್ದು ಅಜ್ಜನ ಪೆಟ್ಟಿಗೆಯಲ್ಲಿ ಸಿಕ್ಕರೆ ಲಕ್ಷಗಟ್ಟಲೆ ಬರುತ್ತದಂತೆ, ವಾಟ್ಸಾಪ್ ಹೇಳುತ್ತದೆ! ಕಂಪನಿ ಅಂಥ ನಾಣ್ಯ ಹೊರಡಿಸಲೇ ಇಲ್ಲ; ಅದು ಆಮೇಲೆ ಯಾರೋ ಮಾಡಿಸಿದ ಬಿಲ್ಲೆ. ದೇವರ ಮನೆಯಲ್ಲಿಡಿ, ಸಾಕು.

ಪಕ್ಕದಲ್ಲೇ ಕಪ್ಪಾಗಿ ಬಿದ್ದಿರುವ ವಿಕ್ಟೋರಿಯಾ ರೂಪಾಯಿಯನ್ನು ತೂಗಿ ನೋಡಿ. ಅಸಲಿಯಾದರೆ 11.66 ಗ್ರಾಂ ಆಸುಪಾಸು, ಶೇ. 91.7 ಬೆಳ್ಳಿ. ಆದರೆ 1862 ಎಂದಿದ್ದರೆ ಹಿಗ್ಗಬೇಡಿ: 1874ರವರೆಗೂ ಅದೇ ಇಸವಿ ಹಾಕಿ ಟಂಕಿಸಿದರು, ಬೇಕಾದಷ್ಟಿವೆ. ಟಂಕಸಾಲೆಯ ಸಣ್ಣ ಗುರುತು, ಸವಕಳಿ ನೋಡಿಯೇ ಬೆಲೆ ಕಟ್ಟುವುದು. ಹುಣಸೆಹಣ್ಣು ಹಿಡಿದು ಬರುವವರನ್ನು (ನಮ್ಮನೆಯಲ್ಲಂತೂ ಎಲ್ಲರೂ) ಮಾತ್ರ ಹತ್ತಿರ ಬಿಡಬೇಡಿ. ಉಜ್ಜಿ ಹೊಳೆಯಿಸಿದಷ್ಟೂ ಸಂಗ್ರಾಹಕರು ಕೊಡುವ ದುಡ್ಡು ಇಳಿಯುತ್ತದೆ.